ಜೂನ್ ತಿಂಗಳಲ್ಲಿ ಯಾವ ಹಿಮ?

ಹಿಟ್ಲರನನ್ನು ಸೋಲಿಸಿದ್ದು ರಷ್ಯಾದ ಚಳಿಯಂತೆ. ಈ ಮಾತನ್ನು ಒಮ್ಮೆಯಾದರೂ ಕೇಳದವರು ಯಾರೂ ಇರಲಿಕ್ಕಿಲ್ಲ. ಹೈಸ್ಕೂಲಿನ ಮೇಷ್ಟ್ರು ಹೇಳಿರುತ್ತಾರೆ. ವ್ಯಕ್ತಿತ್ವ ವಿಕಸನದ ಭಾಷಣಕಾರರು ಪೂರ್ವಸಿದ್ಧತೆಯ ಮಹತ್ವ ಸಾರಲು ಇದನ್ನೇ ಎತ್ತಿಕೊಳ್ಳುತ್ತಾರೆ. ಇನ್ನು ವಾಟ್ಸ್ಯಾಪಿನಲ್ಲಿ ಹಿಮದಲ್ಲಿ ಹೂತ ಟ್ಯಾಂಕಿನ ಚಿತ್ರದ ಸಮೇತ ಶುಭೋದಯಗಳ ನಡುವೆ ತಿಂಗಳಿಗೊಮ್ಮೆ ಬಂದು ಬೀಳುತ್ತದೆ. ಕಥೆ ಎಲ್ಲ ಕಡೆ ಒಂದೇ: ಜರ್ಮನ್ ಸೈನ್ಯ ಗೆಲ್ಲುತ್ತಾ ಗೆಲ್ಲುತ್ತಾ ಮಾಸ್ಕೋದ ಬಾಗಿಲಿಗೆ ಬಂತು, ಹಿಮ ಬಿತ್ತು, ಬೆಚ್ಚನೆಯ ಬಟ್ಟೆ ತಂದಿರಲಿಲ್ಲ, ಸೋತಿತು. 2 ಕೋಟಿ 60 ಲಕ್ಷಕ್ಕೂ ಹೆಚ್ಚು ಸೋವಿಯತ್ ಪ್ರಜೆಗಳನ್ನು ನುಂಗಿದ ಯುದ್ಧ ಹೀಗೆ ಸ್ವೆಟರು ಮರೆತವರ ಕಥೆಯಾಗಿಬಿಡುತ್ತದೆ.

ಇದನ್ನು ನಂಬುವವರು ಕ್ಯಾಲೆಂಡರನ್ನಾದರೂ ಒಮ್ಮೆ ನೋಡಬಾರದೆ? ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಬಿದ್ದದ್ದು 1941ರ ಜೂನ್ 22ರಂದು. ಮೂವತ್ತು ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರು, ಜೊತೆಗೆ ರುಮೇನಿಯನ್ನರು, ಫಿನ್‌ಲೆಂಡಿನವರು. ಹನ್ನೊಂದು ದಿನ ಕಳೆಯುವಷ್ಟರಲ್ಲಿ ಜರ್ಮನ್ ಭೂಸೇನೆಯ ಜನರಲ್ ಸ್ಟಾಫ್‌ನ ಮುಖ್ಯಸ್ಥ ಫ್ರಾಂಟ್ಸ್ ಹಾಲ್ಡರ್ ತನ್ನ ದಿನಚರಿಯಲ್ಲಿ, ಎರಡು ವಾರದಲ್ಲಿ ಈ ಯುದ್ಧ ಗೆದ್ದಾಯಿತು ಎಂದರೆ ಅತಿಶಯೋಕ್ತಿಯಾಗದು ಎಂಬರ್ಥದ ಮಾತು ಬರೆದ. ಅದೇ ಹಾಲ್ಡರ್ ಆಗಸ್ಟ್ 11ರಂದು ಬರೆದದ್ದು ಬೇರೆಯೇ ರಾಗ. ಶತ್ರುವಿನ ಬಳಿ 200 ಡಿವಿಜನ್‌ಗಳಿವೆ ಎಂದುಕೊಂಡಿದ್ದೆವು, ಈಗಾಗಲೇ 360 ಎಣಿಸಿದ್ದೇವೆ, ಹನ್ನೆರಡನ್ನು ಚಚ್ಚಿದರೆ ಇನ್ನೂ ಹನ್ನೆರಡು ಎದುರು ಬರುತ್ತವೆ ಎಂಬುದು ಅದರ ಸಾರ. ಆಗಸ್ಟ್ 11! ಮಾಸ್ಕೋದಲ್ಲಿ ಅಂದು ಜನ ತೆಳು ಅಂಗಿಯಲ್ಲಿ ಓಡಾಡುತ್ತಿದ್ದರು.

ಆ ಹೊತ್ತಿಗೆ ಸ್ಮೊಲೆನ್ಸ್ಕ್ ಸುತ್ತ ಏನು ನಡೆದಿತ್ತು ಎಂಬುದನ್ನು ಚಳಿವಾದಿಗಳು ಹೇಳುವುದೇ ಇಲ್ಲ. ಜುಲೈ 10ರಿಂದ ಸೆಪ್ಟೆಂಬರ್ 10ರವರೆಗೆ, ಎರಡು ತಿಂಗಳು, ಸೋವಿಯತ್ ಒಕ್ಕೂಟದ ಕೆಂಪು ಸೇನೆ ಅಲ್ಲಿ ಸೋಲುತ್ತಲೇ ಹೊಡೆದಾಡಿತು. ಅದರ ನಷ್ಟ ಭೀಕರ. ಲಕ್ಷಗಟ್ಟಲೆ ಮಂದಿ ಸತ್ತರು, ಸೆರೆಸಿಕ್ಕರು. ಆದರೆ ಜುಲೈ 30ರಂದು ಹಿಟ್ಲರ್ ತನ್ನ ಮಧ್ಯ ಸೇನಾ ಸಮೂಹಕ್ಕೆ, ಅಂದರೆ ನೇರವಾಗಿ ಮಾಸ್ಕೋದತ್ತ ಹೊರಟಿದ್ದ ಪಡೆಗೇ, ಮುನ್ನುಗ್ಗುವುದು ಬಿಟ್ಟು ರಕ್ಷಣೆಗೆ ಇಳಿಯಲು ಆಜ್ಞೆ ಕೊಡಬೇಕಾಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಸೋವಿಯತ್ ಸೇನಾನಿ ಝುಕೋವ್‌ನ ಪಡೆಗಳು ಯೆಲ್ನ್ಯಾ ಊರನ್ನು ಮರಳಿ ವಶಪಡಿಸಿಕೊಂಡವು. ಆಗಸ್ಟ್ ಮುಗಿಯುವಾಗ ಸತ್ತ, ಗಾಯಗೊಂಡ, ಕಾಣೆಯಾದ ಜರ್ಮನರ ಸಂಖ್ಯೆ ಸುಮಾರು 4 ಲಕ್ಷ. ನವೆಂಬರ್ 26ರ ಹೊತ್ತಿಗೆ, ಹಾಲ್ಡರನದೇ ಲೆಕ್ಕದಲ್ಲಿ, ಅದು 7 ಲಕ್ಷ 43 ಸಾವಿರ. ಕಾಯಿಲೆ ಬಿದ್ದವರನ್ನು ಸೇರಿಸದೆ. ಪೂರ್ವದ ರಣರಂಗದಲ್ಲಿದ್ದ ಪ್ರತಿ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬ. ಮೈನಸ್ ಮೂವತ್ತರ ಆ ಪ್ರಸಿದ್ಧ ಚಳಿ ಇನ್ನೂ ಬರಬೇಕಿತ್ತು.

ಉಳಿದವರನ್ನು ಕಟ್ಟಿಹಾಕಿದ್ದು ದೂರ. ಜರ್ಮನ್ ಸೈನ್ಯವೆಂದರೆ ಕಣ್ಣು ಹಾಯಿಸಿದಷ್ಟೂ ಟ್ಯಾಂಕು ಎಂಬುದು ಇನ್ನೊಂದು ಭ್ರಮೆ. ಆ ಸೈನ್ಯ ರಷ್ಯಾಕ್ಕೆ ಕರೆದೊಯ್ದದ್ದು ಸುಮಾರು 6 ಲಕ್ಷ ಕುದುರೆಗಳನ್ನು. ಕಾಲಾಳುಗಳು ಕಾಲ್ನಡಿಗೆಯಲ್ಲೇ ಹೋದರು, ಫಿರಂಗಿಗಳನ್ನು ಕುದುರೆಗಳೇ ಎಳೆದವು. ಗಡಿಯಿಂದ ಸುಮಾರು 500 ಕಿಲೋಮೀಟರ್‌ವರೆಗೆ ಲಾರಿಗಳಲ್ಲಿ ಸಾಮಾನು ಸಾಗಿಸಬಹುದು, ಅಷ್ಟರೊಳಗೆ ಕೆಂಪು ಸೇನೆ ಪುಡಿಯಾಗಿರುತ್ತದೆ ಎಂಬ ಲೆಕ್ಕದ ಮೇಲೆ ಇಡೀ ಯೋಜನೆ ನಿಂತಿತ್ತು. ಮಾಸ್ಕೋ ಅದರ ಎರಡರಷ್ಟು ದೂರ. ಆಚೆಗೆ ರೈಲೇ ಗತಿ. ಆದರೆ ಯುರೋಪಿನ ಹಳಿಯ ಅಗಲ 1435 ಮಿಲಿಮೀಟರ್, ರಷ್ಯಾದ್ದು 1524. ಮೀರಜ್‌ನಲ್ಲಿ ಟ್ರಂಕು ಹೊತ್ತುಕೊಂಡು ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿನ ಗಾಡಿಗೆ ಓಡಿದ ಹಳಬರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ; ಟ್ರಂಕಿನ ಜಾಗದಲ್ಲಿ ಮೂವತ್ತು ಲಕ್ಷ ಜನರ ಊಟ, ಮದ್ದುಗುಂಡು, ಪೆಟ್ರೋಲು ಇಟ್ಟುಕೊಂಡರಾಯಿತು.

ಬಟ್ಟೆಯ ವಿಷಯವೂ ಇದೇ. ಅವರು ಮರೆತಿರಲಿಲ್ಲ. ಚಳಿಗಾಲದ ಹೊತ್ತಿಗೆ ಯುದ್ಧ ಮುಗಿದಿರುತ್ತದೆ, ಕಾವಲಿಗೆ ಉಳಿಯುವ ಪಡೆಗಳಿಗಷ್ಟೇ ಬೆಚ್ಚನೆಯ ಉಡುಪು ಸಾಕು ಎಂದು ಎಣಿಸಿದ್ದರು. ಎಣಿಕೆ ತಪ್ಪಿದ ಮೇಲೆ, ಇದ್ದ ಬಟ್ಟೆಯೂ ಪೋಲೆಂಡಿನ ಉಗ್ರಾಣಗಳಲ್ಲೇ ಕುಳಿತಿತು. ಇರುವ ನಾಲ್ಕು ವ್ಯಾಗನ್‌ಗಳಲ್ಲಿ ಕೋಟು ತುಂಬಬೇಕೋ ಗುಂಡು ತುಂಬಬೇಕೋ ಎಂದಾಗ ಗುಂಡನ್ನೇ ತುಂಬಿದರು. ಡಿಸೆಂಬರ್ ಕೊನೆಯಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ರೇಡಿಯೋದಲ್ಲಿ ಜರ್ಮನ್ ಗೃಹಿಣಿಯರ ಮುಂದೆ ಕೈಚಾಚಿ, ಉಣ್ಣೆಬಟ್ಟೆ, ತುಪ್ಪಳದ ಕೋಟು ಕೊಡಿ ಎಂದು ಬೇಡಿದ. ಆ ಚಳಿಗಾಲ ಕಳೆದವರಿಗೆ 1942ರಲ್ಲಿ ಒಂದು ಪದಕವನ್ನೂ ಕೊಟ್ಟರು. ಸೈನಿಕರು ಅದಕ್ಕಿಟ್ಟ ಹೆಸರು ‘ಹೆಪ್ಪುಗಟ್ಟಿದ ಮಾಂಸದ ಪದಕ’. ಚಳಿ ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಲಕ್ಷಕ್ಕೂ ಹೆಚ್ಚು ಜರ್ಮನರ ಕೈಕಾಲು ಬೆರಳುಗಳನ್ನು ಹಿಮ ಕಚ್ಚಿತು, ಎಂಜಿನ್‌ಗಳು ಚಾಲೂ ಆಗಲಿಲ್ಲ, ಬಂದೂಕಿನ ಎಣ್ಣೆ ಗಟ್ಟಿಯಾಯಿತು. ಆದರೆ ಇದೇ ಜನರಲ್‌ಗಳು ಅಕ್ಟೋಬರಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಸಿಕ್ಕಿಕೊಂಡು, ಯಾವಾಗ ನೆಲ ಹೆಪ್ಪುಗಟ್ಟೀತು ಎಂದು ದಾರಿ ಕಾಯುತ್ತಿದ್ದವರು. ನವೆಂಬರ್ ಮಧ್ಯದಲ್ಲಿ ನೆಲ ಗಟ್ಟಿಯಾದ ಮೇಲೆಯೇ ಟ್ಯಾಂಕುಗಳು ಮತ್ತೆ ಮಾಸ್ಕೋದತ್ತ ಹೊರಟದ್ದು. ಬೇಕಾದಾಗ ಚಳಿ ಮಿತ್ರ, ಸೋತ ಮೇಲೆ ಶತ್ರು.

ಚಳಿ ರಷ್ಯನ್ನರ ಪಕ್ಷವೇ ಆಗಿದ್ದರೆ ಅದಕ್ಕೆ ಎರಡು ವರ್ಷ ಮೊದಲು ಫಿನ್‌ಲೆಂಡಿನಲ್ಲಿ ಏನಾಗಿತ್ತು? 1939ರ ನವೆಂಬರ್ 30ರಂದು ಆ ಪುಟ್ಟ ದೇಶದ ಮೇಲೆ ದಂಡೆತ್ತಿ ಹೋದ ಕೆಂಪು ಸೇನೆ, 1940ರ ಮಾರ್ಚ್ 13ರಂದು ಒಪ್ಪಂದವಾಗುವಷ್ಟರಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಕಾಡಿನ ರಾಟೆ ರಸ್ತೆಯಲ್ಲಿ ಒಂದು ಇಡೀ ಡಿವಿಜನ್ ಹಿಮದಲ್ಲಿ ಕತ್ತರಿಸಿಹೋಯಿತು. ಅಲ್ಲಿ ಹೆಪ್ಪುಗಟ್ಟಿ ಸತ್ತವರೂ ಅದೇ ರಷ್ಯದ, ಅದೇ ಉಕ್ರೇನಿನ ಹುಡುಗರು. ಮೈಗೆ ಚಳಿ ತಾಗದ ಜಾತಿಯೊಂದು ಭೂಮಿಯ ಮೇಲೆ ಇದೆ ಎಂದು ನಂಬುವುದಾದರೆ ಬೇರೆ ಮಾತು.

ಲೆನಿನ್‌ಗ್ರಾಡಿನಲ್ಲಿಯೂ ಅದೇ ಚಳಿ ಇತ್ತು. 1941ರ ನವೆಂಬರ್, ಡಿಸೆಂಬರ್‌ನಲ್ಲಿ ಮುತ್ತಿಗೆಗೆ ಸಿಕ್ಕ ಆ ನಗರದಲ್ಲಿ ಕೆಲಸಕ್ಕೆ ಹೋಗದವರ ದಿನದ ಪಡಿ 125 ಗ್ರಾಂ ಬ್ರೆಡ್ಡು; ಅದರಲ್ಲೂ ಎಲ್ಲವೂ ಹಿಟ್ಟಲ್ಲ. ನಲ್ಲಿಗಳು ಹೆಪ್ಪುಗಟ್ಟಿ ಜನ ನೆವಾ ನದಿಯ ಹಿಮದಲ್ಲಿ ತೂತು ಕೊರೆದು ನೀರು ಹೊತ್ತರು. ಹೆಣಗಳನ್ನು ಮಕ್ಕಳ ಜಾರುಬಂಡಿಯಲ್ಲಿ ಎಳೆದೊಯ್ದರು. ಅದೇ ಚಳಿಗೆ ಲಡೋಗಾ ಸರೋವರ ಗಟ್ಟಿಯಾದ್ದರಿಂದ ಅದರ ಮೇಲೆ ಲಾರಿಗಳು ಹಿಟ್ಟು ತಂದವು ಎಂಬುದೂ ನಿಜ. ಇನ್ನು ಜರ್ಮನರ ಕೈಗೆ ಸೆರೆಸಿಕ್ಕ ಸೋವಿಯತ್ ಸೈನಿಕರು: ಯುದ್ಧದುದ್ದಕ್ಕೂ ಸುಮಾರು 57 ಲಕ್ಷ, ಅವರಲ್ಲಿ ಬದುಕಿ ಬಾರದವರು ಸುಮಾರು 33 ಲಕ್ಷ. ಹೆಚ್ಚಿನವರು ಸತ್ತದ್ದು ಆ ಮೊದಲ ಚಳಿಗಾಲದಲ್ಲೇ, ಮುಳ್ಳುತಂತಿಯೊಳಗಿನ ಬಯಲಿನಲ್ಲಿ, ಸೂರಿಲ್ಲದೆ, ಅನ್ನವಿಲ್ಲದೆ. ಇದು ಹವಾಮಾನದ ಕೆಲಸವೆ? ದಾಳಿಗೆ ಏಳು ವಾರ ಮೊದಲೇ, 1941ರ ಮೇ 2ರಂದು, ಬರ್ಲಿನ್ನಿನ ಹಿರಿಯ ಅಧಿಕಾರಿಗಳು ಸೇರಿ ಸೈನ್ಯ ರಷ್ಯಾದ ಧಾನ್ಯವನ್ನೇ ತಿಂದು ಬದುಕಬೇಕು, ಅದರಿಂದ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆ ಎಂದು ತಣ್ಣಗೆ ಬರೆದಿಟ್ಟುಕೊಂಡಿದ್ದರು. ಆ ಯುದ್ಧದಲ್ಲಿ ಚಳಿಗೆ ಬಲಿಯಾದವರನ್ನು ಎಣಿಸುವ ಆಸೆಯಿದ್ದರೆ ಇಲ್ಲಿಂದ ಶುರುಮಾಡಲಿ.

ಡಿಸೆಂಬರ್ 5ರಂದು ಮಾಸ್ಕೋ ಎದುರು ಪ್ರತಿದಾಳಿ ಹೂಡಿದ ಸೈನ್ಯವೂ ಹಿಮದ ಜೊತೆ ಮುಗಿಲಿನಿಂದ ಇಳಿದದ್ದಲ್ಲ. ಯುದ್ಧ ಶುರುವಾದ ಮೂರನೆಯ ದಿನವೇ ಕಾರ್ಖಾನೆಗಳನ್ನು ಪೂರ್ವಕ್ಕೆ ಸಾಗಿಸಲು ಸಮಿತಿಯೊಂದು ಹುಟ್ಟಿತು. ಜುಲೈನಿಂದ ನವೆಂಬರ್‌ವರೆಗೆ 1,523 ಉದ್ಯಮಗಳು, ಯಂತ್ರ, ಕಾರ್ಮಿಕರು, ಅವರ ಹೆಂಡಿರು ಮಕ್ಕಳ ಸಮೇತ, ಊರಲ್ ಬೆಟ್ಟಗಳಾಚೆಗೂ ವೋಲ್ಗಾ ದಂಡೆಗೂ ಹೋದವು. ಗೋಡೆ ಏಳುವ ಮೊದಲೇ ಲೇತು ತಿರುಗಿತು. ಸೋವಿಯತ್ ಪಡೆಗಳಲ್ಲಿ ಸುಮಾರು 8 ಲಕ್ಷ ಹೆಂಗಸರು ದುಡಿದರು. ನರ್ಸುಗಳಷ್ಟೇ ಅಲ್ಲ, ಪೈಲಟ್‌ಗಳು, ಗುರಿಕಾರರು, ವಿಮಾನನಾಶಕ ಫಿರಂಗಿಯವರು. ಹೊರಗಿನ ನೆರವೂ ಬಂತು, ಅಮೆರಿಕದ ಲಾರಿಗಳು ಲಕ್ಷಗಟ್ಟಲೆ. ಅದರ ದೊಡ್ಡ ಪಾಲು ಇರಾನಿನ ಮೂಲಕ ಹೋದದ್ದು, ಆ ದಾರಿಯನ್ನು 1941ರ ಆಗಸ್ಟಿನಲ್ಲಿ ತೆರೆದವರಲ್ಲಿ, ಆಮೇಲೆ ಕಾದವರಲ್ಲಿ ಭಾರತೀಯ ಸೇನೆಯ ಪಡೆಗಳಿದ್ದವು. ನಮ್ಮ ಸರಬರಾಜು ದಳದ ಇಬ್ಬರಿಗೆ ಸೋವಿಯತ್ ಸರ್ಕಾರ ‘ಕೆಂಪು ನಕ್ಷತ್ರ’ ಪದಕವನ್ನೂ ಕೊಟ್ಟಿತು. ಇದನ್ನು ಯಾವ ಶುಭೋದಯದ ಜೊತೆಯೂ ಯಾರೂ ಕಳಿಸಿದ್ದು ಕಾಣೆ.

ಮುಖ್ಯವಾದ ಮಾತೆಂದರೆ ಯುದ್ಧ 1941ರ ಡಿಸೆಂಬರಿನಲ್ಲಿ ಮುಗಿಯಲಿಲ್ಲ. ಇನ್ನೂ ಮೂರೂವರೆ ವರ್ಷ ನಡೆಯಿತು. ಸ್ಟಾಲಿನ್‌ಗ್ರಾಡಿನ ಗೆಲುವು ಚಳಿಗಾಲದ್ದೇ, ಒಪ್ಪಿದೆ. ಆದರೆ 1942ರ ನವೆಂಬರ್ 19ರಂದು ಶುರುವಾಗಿ ನಾಲ್ಕೇ ದಿನದಲ್ಲಿ ಜರ್ಮನ್ ಆರನೆಯ ಸೇನೆಯನ್ನು ಸುತ್ತುಗಟ್ಟಿದ್ದು ತಿಂಗಳುಗಟ್ಟಲೆ ಗುಟ್ಟಾಗಿ ಹೂಡಿದ ತಂತ್ರ. ಕುರ್ಸ್ಕ್ ಕದನ ನಡೆದದ್ದು 1943ರ ಜುಲೈನಲ್ಲಿ. ಜರ್ಮನರು ಇತಿಹಾಸದಲ್ಲೇ ಕಂಡ ದೊಡ್ಡ ಸೋಲುಗಳಲ್ಲಿ ಒಂದನ್ನು ತಂದ ‘ಬಾಗ್ರತಿಯೋನ್’ ಎಂಬ ಸೋವಿಯತ್ ಕಾರ್ಯಾಚರಣೆ ಶುರುವಾದದ್ದು 1944ರ ಜೂನ್‌ನಲ್ಲಿ, ದಾಳಿಗೆ ಸರಿಯಾಗಿ ಮೂರು ವರ್ಷ ತುಂಬುವಾಗ. ಎರಡೇ ತಿಂಗಳಲ್ಲಿ, ಹಿಂದೆ ಮಾಸ್ಕೋದತ್ತ ನಡೆದಿದ್ದ ಅದೇ ಮಧ್ಯ ಸೇನಾ ಸಮೂಹ ಹೇಳಹೆಸರಿಲ್ಲದಂತಾಯಿತು. ಜುಲೈ 17ರಂದು ಸುಮಾರು 57,000 ಜರ್ಮನ್ ಸೆರೆಯಾಳುಗಳನ್ನು ಮಾಸ್ಕೋದ ಬೀದಿಗಳಲ್ಲಿ ನಡೆಸಿದರು, ಹಿಂದಿನಿಂದ ನೀರಿನ ಲಾರಿಗಳು ಬೀದಿ ತೊಳೆಯುತ್ತಾ ಬಂದವು. ಬಿರುಬೇಸಿಗೆ. ಹುಡುಕಿದರೂ ಒಂದು ಹಿಮದ ಹಳಕು ಸಿಗುತ್ತಿರಲಿಲ್ಲ.

ಇಷ್ಟು ಹೇಳಿದರೆ ತಕ್ಷಣ ನೆಪೋಲಿಯನ್ ಬರುತ್ತಾನೆ. ಬರಲಿ. 1812ರ ಜೂನ್‌ನಲ್ಲಿ ಗಡಿ ದಾಟಿ ಸೆಪ್ಟೆಂಬರ್ 14ಕ್ಕೆ ಮಾಸ್ಕೋ ಸೇರುವಷ್ಟರಲ್ಲಿ ಅವನ ಮುಖ್ಯ ಸೈನ್ಯದ ಬಹುಪಾಲು ಕರಗಿಹೋಗಿತ್ತು. ಫ್ರೆಂಚ್ ಎಂಜಿನಿಯರ್ ಮಿನಾರ್ 1869ರಲ್ಲಿ ಬರೆದ ಆ ಪ್ರಸಿದ್ಧ ನಕ್ಷೆಯಲ್ಲಿ 4,22,000 ಹೊರಟವರು, 1,00,000 ತಲುಪಿದವರು. ಬಿಸಿಲು, ಹಸಿವು, ಟೈಫಸ್, ಆಮಶಂಕೆ, ಓಡಿಹೋಗುವಿಕೆ, ಕದನ, ದಾರಿಯುದ್ದಕ್ಕೂ ಬಿಟ್ಟುಹೋದ ಕಾವಲು ಪಡೆಗಳು. ಭಾರೀ ಹಿಮ ಬಿದ್ದದ್ದು ಅವನು ವಾಪಸು ಹೊರಟ ಮೇಲೆ.

ಹಾಗಾದರೆ ಈ ಚಳಿಯ ಪುರಾಣ ಕಟ್ಟಿದವರು ಯಾರು? ಸೋತವರೇ. ಯುದ್ಧ ಮುಗಿದ ಮೇಲೆ ಗುಡೇರಿಯನ್, ಮಾನ್‌ಸ್ಟೈನ್ ಮುಂತಾದ ಜನರಲ್‌ಗಳು ಆತ್ಮಕಥೆ ಬರೆದರು. ಅವುಗಳಲ್ಲಿ ತಪ್ಪೆಲ್ಲ ಸತ್ತ ಹಿಟ್ಲರನದು, ಉಳಿದರೆ ಕೆಸರಿನದು, ಹಿಮದ್ದು, ಎಣಿಸಲಾರದಷ್ಟು ರಷ್ಯನ್ನರದು. ತಮ್ಮದು ಏನೂ ಇಲ್ಲ. ರಣರಂಗದ ಹಿಂದಿನ ಹಳ್ಳಿಗಳಲ್ಲಿ ಯಹೂದಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದ್ದು ಯಾರೋ ಬೇರೆಯವರು. ನಮ್ಮ ಹಾಲ್ಡರ್ ಮಹಾಶಯ ಅಮೆರಿಕದ ಸೈನ್ಯದ ಇತಿಹಾಸ ವಿಭಾಗಕ್ಕೆ ವರ್ಷಗಟ್ಟಲೆ ದುಡಿದ, ತನ್ನ ಹಳೆಯ ಸಹೋದ್ಯೋಗಿಗಳ ಬರಹಗಳನ್ನು ತಾನೇ ಮೇಲುಸ್ತುವಾರಿ ಮಾಡಿದ, 1961ರಲ್ಲಿ ಅಮೆರಿಕದಿಂದ ಪುರಸ್ಕಾರವನ್ನೂ ಪಡೆದ. ಶೀತಲ ಸಮರದ ಕಾಲ, ಸೋವಿಯತ್ ದಾಖಲೆಗಳಿಗೆ ಬೀಗ, ಸ್ಟಾಲಿನ್ನನ ಕಡೆಯ ಇತಿಹಾಸಕಾರರ ಮಾತು ನಂಬುವಂತೆಯೂ ಇರಲಿಲ್ಲ. ಇಂಗ್ಲಿಷಿಗೆ ಬಂದದ್ದು ಈ ಜನರಲ್‌ಗಳ ಕಥೆ, ಅಲ್ಲಿಂದ ನಮ್ಮ ಮೇಷ್ಟ್ರಿಗೆ, ಮೇಷ್ಟ್ರಿಂದ ನಮಗೆ. ಅಪರಾಧಿಯ ಹೇಳಿಕೆಯನ್ನೇ ತೀರ್ಪೆಂದು ಉರುಹೊಡೆದಿದ್ದೇವೆ.

ನಮಗೆ ಇದು ರುಚಿಸುವುದಕ್ಕೆ ಇನ್ನೂ ಒಂದು ಕಾರಣವಿದೆ. ರಾಕ್ಷಸ ಕೊಬ್ಬುತ್ತಾನೆ, ಪ್ರಕೃತಿ ಮುನಿಯುತ್ತದೆ, ಸಂಹಾರವಾಗುತ್ತದೆ. ಇದರಲ್ಲಿ ಗೇಜು, ವ್ಯಾಗನ್, ಲೇತುಗಳಿಗೆ ಜಾಗವೆಲ್ಲಿ? ಓದುವ ಶ್ರಮ ಉಳಿಯುತ್ತದೆ, ಭಾಷಣಕ್ಕೊಂದು ನೀತಿಯೂ ದಕ್ಕುತ್ತದೆ. ಇಂಥ ಸರಕು ಆ ಯುದ್ಧದ ಬಗ್ಗೆ ಇನ್ನೂ ಬೇಕಾದಷ್ಟಿದೆ. ಪೋಲೆಂಡಿನ ಕುದುರೆ ಸವಾರರು ಭರ್ಜಿ ಹಿಡಿದು ಟ್ಯಾಂಕುಗಳ ಮೇಲೆ ನುಗ್ಗಿದರಂತೆ. 1939ರ ಸೆಪ್ಟೆಂಬರ್ 1ರಂದು ಕ್ರೊಯಾಂಟಿ ಬಳಿ ಅವರು ನುಗ್ಗಿದ್ದು ಕಾಲಾಳುಗಳ ಮೇಲೆ, ಆಮೇಲೆ ಬಂದ ಕವಚದ ವಾಹನಗಳ ಗುಂಡಿಗೆ ಸಿಕ್ಕಿದ್ದು. ಕ್ಯಾರೆಟ್ ತಿಂದು ಬ್ರಿಟಿಷ್ ಪೈಲಟ್‌ಗಳಿಗೆ ಕತ್ತಲಲ್ಲಿ ಕಣ್ಣು ಕಂಡಿತಂತೆ. ಕಂಡದ್ದು ವಿಮಾನದೊಳಗಿನ ರೇಡಾರಿಗೆ. ಹಿಟ್ಲರ್ ಅರ್ಜೆಂಟೀನಾಕ್ಕೆ ಓಡಿಹೋಗಿ ಮುಪ್ಪಿನವರೆಗೆ ಬದುಕಿದನಂತೆ. ಮಾಸ್ಕೋದಲ್ಲಿ ಇಟ್ಟಿರುವ ಅವನ ಹಲ್ಲುಗಳನ್ನು 2017ರಲ್ಲಿ ಫ್ರೆಂಚ್ ತಜ್ಞರು ಪರೀಕ್ಷಿಸಿ ಅವನವೇ ಎಂದಿದ್ದಾರೆ. ಇದನ್ನು ಹೇಳಿದರೆ, ಹಲ್ಲು ಇಲ್ಲದೆಯೂ ಅರ್ಜೆಂಟೀನಾಕ್ಕೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ.