ಮಕ್ಕಳ ಗೇಮ್ ಪೆಟ್ಟಿಗೆಗೆ ಎಂಥ ಸ್ಪೀಕರ್ ಬೇಕು?

ಮಕ್ಕಳು ಮನೆಯಲ್ಲೇ ವಿಡಿಯೋ ಗೇಮ್ ಪೆಟ್ಟಿಗೆ ಕಟ್ಟಲು ಹೊರಟಿದ್ದಾರಾ? ಬೇಡ ಅನ್ನಬೇಡಿ. ಆದರೆ ಸ್ಪೀಕರ್ ಕೊಳ್ಳುವ ದಿನ ಮಾತ್ರ ನೀವೂ ಜೊತೆಗೆ ಹೋಗಿ. ಅದು ಅವರ ಕಿವಿಯ ಪ್ರಶ್ನೆ, ನಿಮ್ಮ ಪರ್ಸಿನ ಪ್ರಶ್ನೆಯೂ ಹೌದು!

ಉಚ್ಚಿಲದ ಗೃಹಿಣಿಯೊಬ್ಬರು ಕೇಳಿದ್ದಾರೆ: ‘ಒಂಬತ್ತನೇ ಕ್ಲಾಸಿನ ಮಗ, ಆರನೇ ಕ್ಲಾಸಿನ ಮಗಳು ಸೇರಿಕೊಂಡು ಹಿಂದೆ ಗೇಮ್ ಪಾರ್ಲರುಗಳಲ್ಲಿ ಇರುತ್ತಿತ್ತಲ್ಲ, ಅಂಥ ಪೆಟ್ಟಿಗೆ ಮಾಡುತ್ತಿದ್ದಾರೆ. ಆಚಾರಿ ಹತ್ತಿರ ಪ್ಲೈವುಡ್ ಕತ್ತರಿಸಿ ತಂದಾಯಿತು. ಹಳೇ ಮಾನಿಟರ್ ಉಂಟು. ಈಗ ಸಾವಿರ ವಾಟಿನ ಸ್ಪೀಕರ್ ಬೇಕಂತೆ. ಪಕ್ಕದ ಕೋಣೆಯಲ್ಲಿ ಅತ್ತೆ ಮಲಗುತ್ತಾರೆ. ಕೊಡಿಸಲಾ, ಬೇಡವಾ?’

ಖಂಡಿತ ಕೊಡಿಸಿ. ಆದರೆ ಸಾವಿರ ವಾಟಿನದ್ದಲ್ಲ. ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವ ಮಕ್ಕಳು ಅಳತೆ ಹಿಡಿದು, ತಿರುಪು ಬಿಗಿದು, ತಂತಿ ಜೋಡಿಸಿ ಒಂದು ವಸ್ತು ಮಾಡುತ್ತೇವೆ ಎಂದರೆ ಅದಕ್ಕೆ ತಣ್ಣೀರೆರಚುವುದು ಯಾಕೆ? 2012ರಲ್ಲಿ ಬ್ರಿಟನ್ನಿನಿಂದ ಬಂದ ‘ರಾಸ್‌ಬೆರಿ ಪೈ’ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಇಂಥ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡುವಷ್ಟು ಸುಲಭ ಮಾಡಿತು. ಜಾಯ್‌ಸ್ಟಿಕ್, ಬಟನ್ ಎಲ್ಲ ಆನ್‌ಲೈನಿನಲ್ಲಿ ಸಿಗುತ್ತವೆ. ಎಲ್ಲರೂ ಎಡವುವುದು ಸ್ಪೀಕರಿನ ಹತ್ತಿರ ಬಂದಾಗ.

ವಾಟ್ ಎಂಬ ಮಾಯೆ

ಅಂಗಡಿಯಲ್ಲಿ ಸಾಲಾಗಿ ಜೋಡಿಸಿದ ಡಬ್ಬಗಳ ಮೇಲೆ 600, 1000, 2000 ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಪಕ್ಕದಲ್ಲೇ ಸಣ್ಣದಾಗಿ ‘ಪಿಎಂಪಿಒ’ ಎಂದಿದ್ದರೆ ಎಚ್ಚರ! ಕಣ್ಣು ಮಿಟುಕಿಸುವಷ್ಟು ಹೊತ್ತು ಬರಬಹುದು ಎಂದು ಕಂಪನಿ ಹೇಳಿಕೊಳ್ಳುವ ಅಂಕಿ ಅದು. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ನೀವು ಕೇಳಬೇಕಾದದ್ದು ‘ಆರ್‌ಎಂಎಸ್ ಎಷ್ಟು?’ ಎಂದು. ಸ್ಪೀಕರ್ ಹೊತ್ತುಗಟ್ಟಲೆ ಕೊಡಬಲ್ಲ ನಿಜವಾದ ಶಕ್ತಿ ಅದು.

ಅಂಗಡಿಯವರು ಉತ್ತರ ಹೇಳದಿದ್ದರೂ ನೀವೇ ಲೆಕ್ಕ ಹಾಕಬಹುದು. ಸ್ಪೀಕರಿನ ಜೊತೆ ಬರುವ ಅಡಾಪ್ಟರ್ ತಿರುಗಿಸಿ ನೋಡಿ. ಔಟ್‌ಪುಟ್ 5 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ. ಸಿಕ್ಕಿದ್ದು 5 ವಾಟ್, ಅಷ್ಟೇ. ಒಂದು ಕೊಡ ನೀರಿರುವ ಬಾವಿಯಿಂದ ಹತ್ತು ಕೊಡ ಸೇದಲು ಆಗುತ್ತದೆಯೇ? 5 ವಾಟ್ ಒಳಗೆ ಹೋಗುವ ಸ್ಪೀಕರಿನಿಂದ ಸಾವಿರ ವಾಟ್ ಹೊರಗೆ ಬರುವುದೂ ಹಾಗೆಯೇ!

ಒಂದು ವಾಟೇ ಧಾರಾಳ

‘5 ವಾಟ್ ಸಾಕಾಗುತ್ತದಾ?’ ಎಂದು ಮಗ ಮುಖ ಊದಿಸಿದರೆ ಈ ಲೆಕ್ಕ ತೋರಿಸಿ. ಸ್ಪೀಕರಿನ ವಿವರದಲ್ಲಿ ‘85 ಡಿಬಿ, 1 ವಾಟ್, 1 ಮೀಟರ್’ ಎಂಬಂಥ ಒಂದು ಸಾಲು ಇರುತ್ತದೆ. ಒಂದೇ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಸದ್ದು ಬರುತ್ತದೆ ಎಂದರ್ಥ. ನಾವು ಎದುರುಬದುರು ಕೂತು ಮಾತಾಡುವುದು ಹೆಚ್ಚುಕಮ್ಮಿ 60 ಡೆಸಿಬಲ್. ಗೇಮ್ ಪೆಟ್ಟಿಗೆಯ ಮುಂದೆ ಮಗು ಒಂದು ಮೀಟರ್ ದೂರ ಕೂರುವುದಿಲ್ಲ, ಪರದೆಗೆ ಮೂಗು ತಾಗಿಸಿಕೊಂಡೇ ಕೂರುತ್ತದೆ. ದೂರ ಅರ್ಧವಾದರೆ ಸದ್ದು 6 ಡೆಸಿಬಲ್ ಏರುತ್ತದೆ. ಅಲ್ಲಿಗೆ ಒಂದೇ ವಾಟಿಗೆ 91 ಡೆಸಿಬಲ್!

ಇದು ತಮಾಷೆಯ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಇಯರ್‌ಫೋನಿನಂಥ ಸಾಧನಗಳಿಗಾಗಿ 2019ರಲ್ಲಿ ಒಂದು ಮಾನದಂಡ ಹೊರತಂದವು. ಅದರ ಪ್ರಕಾರ ಮಕ್ಕಳ ಕಿವಿಗೆ 75 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಬಿದ್ದರೆ ಅದೇ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 78ಕ್ಕೆ 20 ಗಂಟೆ, 81ಕ್ಕೆ 10, 84ಕ್ಕೆ 5, 87ಕ್ಕೆ ಎರಡೂವರೆ. 90 ಡೆಸಿಬಲ್ ಆದರೆ ಇಡೀ ವಾರಕ್ಕೆ ಒಂದೂಕಾಲು ಗಂಟೆ ಮಾತ್ರ! ಕಿವಿಯ ಒಳಗಿನ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಡಿ ಎದ್ದ ಮಗು ‘ಕಿವಿಯಲ್ಲಿ ಗುಂಯ್ ಅಂತಿದೆ’ ಎಂದರೆ ಸದ್ದು ಜಾಸ್ತಿಯಾಗಿತ್ತು ಎಂದೇ ತಿಳಿಯಿರಿ. ಯಕ್ಷಗಾನದ ಚೆಂಡೆ ಬಯಲಿನಲ್ಲಿ ಚೆಂದ, ಹತ್ತಡಿಯ ಕೋಣೆಯಲ್ಲಿ ಅಲ್ಲ.

ಮೊದಲು ಅಟ್ಟ ಹುಡುಕಿ

ಹೊಸದು ಕೊಳ್ಳುವ ಮುಂಚೆ ಹಳೇ ಕಂಪ್ಯೂಟರಿನ ಜೋಡಿ ಸ್ಪೀಕರ್ ಮನೆಯಲ್ಲಿ ಉಂಟಾ ನೋಡಿ. ಇದ್ದರೆ ಅರ್ಧ ಕೆಲಸ ಮುಗಿದಂತೆ. ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ. ಅದನ್ನು ಬಿಚ್ಚದೆ, ಇಡಿಯಾಗಿಯೇ ಪೆಟ್ಟಿಗೆಯೊಳಗೆ ಕೂರಿಸಿ, ಎದುರಿನ ಹಲಗೆಗೆ ತೂತು ಕೊರೆಸಿದರಾಯಿತು. ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕುವ ಸ್ಪೀಕರಿನ ಒಳಗೆ 230 ವೋಲ್ಟ್ ಇರುತ್ತದೆ. ಅದನ್ನು ಬಿಚ್ಚಲು ಮಕ್ಕಳಿಗೆ ಬಿಡಲೇಬೇಡಿ. ಯುಎಸ್‌ಬಿಯಿಂದ ನಡೆಯುವ ಜೋಡಿ ಸಿಕ್ಕರೆ ಇನ್ನೂ ನೆಮ್ಮದಿ.

ಎಲ್ಲವನ್ನೂ ಸ್ವತಃ ಜೋಡಿಸುವ ಹುಮ್ಮಸ್ಸು ಮಕ್ಕಳಿಗಿದ್ದರೆ 3 ಅಥವಾ 4 ಇಂಚಿನ ಎರಡು ಬಿಡಿ ಸ್ಪೀಕರ್, ‘ಪಿಎಎಂ 8403’ ಚಿಪ್ಪಿನ ಒಂದು ಚಿಕ್ಕ ಆಂಪ್ಲಿಫೈಯರ್ ಬೋರ್ಡ್ ಸಾಕು. ಮೊಬೈಲ್ ಚಾರ್ಜರಿನ 5 ವೋಲ್ಟಿನಲ್ಲೇ ಓಡುವ ಇದು ಒಂದೊಂದು ಸ್ಪೀಕರಿಗೆ ಹೆಚ್ಚೆಂದರೆ 3 ವಾಟ್ ಕೊಡುತ್ತದೆ. ಸ್ಪೀಕರಿನ ಬೆನ್ನ ಮೇಲೆ 4 ಅಥವಾ 8 ಓಮ್ ಎಂದಿರಲಿ, ಅದಕ್ಕಿಂತ ಕಡಿಮೆ ಬೇಡ. ಇದರಲ್ಲಿ ಎರಡು ಸ್ಪೀಕರಿನ ಮೈನಸ್ ತಂತಿಗಳನ್ನು ಒಂದಕ್ಕೊಂದು ಸೇರಿಸಬಾರದು, ಸೇರಿಸಿದರೆ ಬೋರ್ಡ್ ಹಾಳು.

ಇನ್ನೊಂದು ಮಾತು. ರಾಸ್‌ಬೆರಿ ಪೈ 3 ಮತ್ತು 4ರಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತು ಇದೆ. 2023ರಲ್ಲಿ ಬಂದ ಪೈ 5ರಲ್ಲಿ ಅದು ಇಲ್ಲ. ಕೊಂಡ ಮೇಲೆ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ಎಚ್‌ಡಿಎಂಐ ಇರುವ ಹಲವು ಮಾನಿಟರುಗಳ ಹಿಂದೆ ಇಯರ್‌ಫೋನ್ ತೂತು ಇರುತ್ತದೆ, ಅಲ್ಲಿಂದ ತಂತಿ ಎಳೆಯಬಹುದು. ಇಲ್ಲದಿದ್ದರೆ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದರಾಯಿತು.

ಮಾನಿಟರ್ ಹಿಂದಿನ ಕಾಲದ ದಪ್ಪ ಹೊಟ್ಟೆಯದ್ದಾದರೆ ಸಾದಾ ಸ್ಪೀಕರಿನ ಅಯಸ್ಕಾಂತ ಪರದೆಯ ಮೇಲೆ ಬಣ್ಣದ ಕಲೆ ಮೂಡಿಸುತ್ತದೆ. ಅದಕ್ಕೆ ‘ಶೀಲ್ಡೆಡ್’ ಸ್ಪೀಕರ್ ಕೇಳಿ. ಆ ಮಾನಿಟರಿನ ಬೆನ್ನು ಬಿಚ್ಚುವುದಂತೂ ಬೇಡವೇ ಬೇಡ. ಸ್ವಿಚ್ ಆರಿಸಿದ ಮೇಲೂ ಒಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ತೆಳ್ಳಗಿನ ಎಲ್‌ಸಿಡಿಗೆ ಈ ಯಾವ ರಗಳೆಯೂ ಇಲ್ಲ.

ವೂಫರ್ ಬೇಡ ಮಾರಾಯ್ರೆ!

‘ಧಡಧಡ ಅನ್ನಬೇಕು, ವೂಫರ್ ಹಾಕೋಣ’ ಎಂಬ ಬೇಡಿಕೆ ಬಂದೇ ಬರುತ್ತದೆ. ಒಪ್ಪಬೇಡಿ. ಜಪಾನಿನ ನಾಮ್ಕೊ ಕಂಪನಿ 1980ರಲ್ಲಿ ತಂದ ‘ಪ್ಯಾಕ್‌ಮ್ಯಾನ್’ ಒಂದೇ ಚಾನೆಲ್ಲಿನ ಸದ್ದಿನ ಆಟ. ಅದರ ಬೀಪ್, ವಕವಕ ಸದ್ದುಗಳಿಗೆ ಸಣ್ಣ ಸ್ಪೀಕರೇ ಹಿತ. 1978ರ ‘ಸ್ಪೇಸ್ ಇನ್ವೇಡರ್ಸ್’ನ ಆ ನಾಲ್ಕು ಸ್ವರದ ಹೆಜ್ಜೆ ಸದ್ದಿಗೂ 4 ಇಂಚಿನದ್ದು ಸಾಕಾಗುತ್ತದೆ. ವೂಫರ್ ಹಾಕಿದರೆ ಪೆಟ್ಟಿಗೆ, ಮಾನಿಟರ್, ಬಟನ್ ಎಲ್ಲ ಗಡಗಡ ನಡುಗುತ್ತವೆ. ಮೇಲಾಗಿ ದಪ್ಪ ಸದ್ದು ಗೋಡೆ ದಾಟಿ ಹೋಗುವುದು ಜಾಸ್ತಿ. ಪಕ್ಕದ ಕೋಣೆಯ ಅತ್ತೆಗೂ, ಫ್ಲ್ಯಾಟಿನಲ್ಲಿದ್ದರೆ ಪಕ್ಕದ ಮನೆಯವರಿಗೂ ಅದೇ ಮೊದಲು ಕೇಳಿಸುವುದು!

ಕೂರಿಸುವ ಜಾಗ

ಖಾಲಿ ಸ್ಟೀಲ್ ಲೋಟದೊಳಗೆ ಮೊಬೈಲ್ ಇಟ್ಟು ಹಾಡು ಹಾಕಿ ನೋಡಿದ್ದೀರಾ? ಅದೇ ಮೊಬೈಲು, ಸದ್ದು ಮಾತ್ರ ಬೇರೆ. ಸ್ಪೀಕರಿಗೂ ಕೂರಿಸುವ ಜಾಗ ಅಷ್ಟೇ ಮುಖ್ಯ. ಬಿಡಿ ಸ್ಪೀಕರನ್ನು ಸುಮ್ಮನೆ ಕೈಯಲ್ಲಿ ಹಿಡಿದು ನುಡಿಸಿದರೆ ಮುಂದಿನಿಂದ ಬಂದ ಸದ್ದನ್ನು ಹಿಂದಿನಿಂದ ಬಂದ ಸದ್ದು ತಿಂದುಹಾಕುತ್ತದೆ. ಅದಕ್ಕೇ ತೆಳ್ಳಗೆ ಕೇಳಿಸುವುದು. ಹಲಗೆಗೆ ಸಂದಿಯಿಲ್ಲದಂತೆ ಬಿಗಿದು, ಬೆನ್ನಿಗೆ ಸಣ್ಣ ಮುಚ್ಚಿದ ಡಬ್ಬ ಮಾಡಿಸಿದರೆ ಅದೇ ಸ್ಪೀಕರ್ ತುಂಬಿ ನುಡಿಯುತ್ತದೆ. ಅಂಚಿಗೆ ತೆಳು ಫೋಮ್ ಪಟ್ಟಿ ಇಟ್ಟರೆ ಕಿರಿಕಿರಿ ನಡುಕವೂ ಇಲ್ಲ.

ಪಾರ್ಲರಿನ ಅನೇಕ ಪೆಟ್ಟಿಗೆಗಳಲ್ಲಿ ಸ್ಪೀಕರ್ ಇರುತ್ತಿದ್ದದ್ದು ಪರದೆಯ ಮೇಲೆ, ಹೆಸರಿನ ಫಲಕದ ಅಡಿಯಲ್ಲಿ, ಮುಖ ಆಡುವವರ ಕಡೆಗೆ. ಅದೇ ಒಳ್ಳೆಯ ಜಾಗ. ಸದ್ದು ಸೀದಾ ಮಗುವಿಗೆ ತಲುಪುವುದರಿಂದ ವಾಲ್ಯೂಮ್ ಏರಿಸುವ ಅಗತ್ಯವೇ ಬೀಳುವುದಿಲ್ಲ. ಕೆಳಗೆ ಮೊಣಕಾಲ ಹತ್ತಿರ ಇಟ್ಟರೆ ಕೇಳುವುದಿಲ್ಲವೆಂದು ಏರಿಸುತ್ತಾ ಹೋಗುತ್ತಾರೆ.

ಎರಡೂ ಸ್ಪೀಕರಿನ ಪ್ಲಸ್ ತಂತಿ ಪ್ಲಸ್ಸಿಗೇ ಹೋಗಿರಬೇಕು. ಒಂದು ತಿರುಗುಮುರುಗಾದರೂ ಸದ್ದು ಪೊಳ್ಳಾಗುತ್ತದೆ. ಗುರುತು ಅಳಿಸಿಹೋಗಿದ್ದರೆ, ತಂತಿ ಜೋಡಿಸುವ ಮುಂಚೆಯೇ ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಕಾಲ ತಾಗಿಸಿ. ಸ್ಪೀಕರಿನ ಶಂಕು ಹೊರಗೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ ಬದಿಯೇ ಪ್ಲಸ್.

ಕಡಲ ಗಾಳಿ ನೆನಪಿರಲಿ

ಉಚ್ಚಿಲ, ಕಾಪು, ಮಲ್ಪೆಯ ಕಡೆಯವರಿಗೆ ಹೇಳಲೇಬೇಕಾದ ಮಾತಿದು. ಉಪ್ಪುಗಾಳಿಗೆ ಕಿಟಕಿ ಸರಳೇ ತುಕ್ಕು ಹಿಡಿಯುವಾಗ ಕೂದಲೆಳೆಯಂಥ ತಂತಿಯ ಪಾಡೇನು? ತಂತಿ ಸುತ್ತಿ ಬಿಡಬೇಡಿ, ಬೆಸುಗೆ ಹಾಕಿಸಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದಿರಲಿ. ಕಾಗದದ ಶಂಕು ಮಳೆಗಾಲದಲ್ಲಿ ತೇವ ಹೀರಿ ಬೂಷ್ಟು ಹಿಡಿಯಬಹುದು, ಪ್ಲಾಸ್ಟಿಕ್ಕಿನಂಥ ಪಾಲಿಪ್ರೊಪಿಲೀನ್ ಶಂಕಿನದ್ದು ಕೇಳಿ. ಪೆಟ್ಟಿಗೆಗೆ ಎಂಡಿಎಫ್ ಬದಲು ಮರೈನ್ ಪ್ಲೈ ಒಳ್ಳೆಯದು, ಎಂಡಿಎಫ್ ತೇವಕ್ಕೆ ಉಬ್ಬುತ್ತದೆ. ಸಿಡಿಲಿನ ಹೊತ್ತಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಅಮ್ಮನ ತಿರುಪು

ಸದ್ದಿಗೆ ಮಿತಿ ಹಾಕಲು ದಿನಾ ಕಿರುಚಬೇಕಾಗಿಲ್ಲ. ಆಂಪ್ಲಿಫೈಯರಿನ ವಾಲ್ಯೂಮ್ ತಿರುಪು ಪೆಟ್ಟಿಗೆಯ ಒಳಗೇ ಇರಲಿ. ಆಟದ ಸದ್ದನ್ನು ಪೂರ್ತಿ ಏರಿಸಿ, ಮಗು ಕೂರುವ ಜಾಗದಲ್ಲಿ ನೀವು ಕೂತು, ಗಂಟಲೇರಿಸದೆ ಪಕ್ಕದವರ ಜೊತೆ ಮಾತಾಡಲು ಆಗುವಷ್ಟಕ್ಕೆ ಆ ತಿರುಪನ್ನು ನಿಲ್ಲಿಸಿ. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಅಂದಾಜು ತೋರಿಸುತ್ತದೆ, 75 ದಾಟದಿರಲಿ. ಆಮೇಲೆ ಹಿಂದಿನ ಬಾಗಿಲು ಮುಚ್ಚಿಬಿಡಿ. ಹೊರಗಿನ ಗುಂಡಿಯಿಂದ ಮಕ್ಕಳು ಸದ್ದು ಇಳಿಸಬಹುದೇ ಹೊರತು ನೀವು ಇಟ್ಟ ಮಿತಿ ಮೀರಿಸಲಾಗದು. ಜಗಳವೂ ಇಲ್ಲ!

ಹಾಗಂತ ‘ಹೆಡ್‌ಫೋನ್ ಹಾಕಿ ಆಡು’ ಎಂದು ಬಿಟ್ಟುಬಿಡಬೇಡಿ. ಮನೆ ಶಾಂತವಾಗಿರುತ್ತದೆ ನಿಜ, ಆದರೆ ಒಳಗೆ ಸದ್ದು ಎಷ್ಟಿದೆ ಎಂದು ನಿಮಗೆ ಗೊತ್ತೇ ಆಗುವುದಿಲ್ಲ.

ಅಂಗಡಿಗೆ ಹೋಗುವಾಗ ಚೀಟಿಯಲ್ಲಿ ಬರೆದುಕೊಳ್ಳಿ

* ಪಿಎಂಪಿಒ ಅಲ್ಲ, ಆರ್‌ಎಂಎಸ್. ಒಂದೊಂದಕ್ಕೆ 3ರಿಂದ 5 ವಾಟ್ ಸಾಕು.
* ಅಳತೆ 3 ಅಥವಾ 4 ಇಂಚು, 4 ಅಥವಾ 8 ಓಮ್.
* ಪಾಲಿಪ್ರೊಪಿಲೀನ್ ಶಂಕು, ಸ್ಟೇನ್‌ಲೆಸ್ ಸ್ಕ್ರೂ.
* ಸ್ಪೀಕರ್ ಬೋರ್ಡಿಗೆ ಬೇರೆಯೇ ಚಾರ್ಜರ್. ಕಂಪ್ಯೂಟರ್ ಬೋರ್ಡಿನಿಂದಲೇ ಕರೆಂಟ್ ಎಳೆದರೆ ಗುಂಯ್‌ಗುಟ್ಟುವ ಸಾಧ್ಯತೆ ಹೆಚ್ಚು.
* ಬಿಲ್ ಕೇಳಿ. ಅಂಗಡಿಯಲ್ಲೇ ನಿಮ್ಮ ಮೊಬೈಲಿನ ಹಾಡು ಹಾಕಿಸಿ, ಕಡಿಮೆ ವಾಲ್ಯೂಮಿನಲ್ಲಿ ಮಾತು ಸ್ಪಷ್ಟವಿದೆಯಾ ಕೇಳಿಸಿಕೊಳ್ಳಿ.

ಅಂದ ಹಾಗೆ, ಪೆಟ್ಟಿಗೆ ಸಿದ್ಧವಾದ ಮೇಲೆ ದೂರದಲ್ಲೇ ನಿಂತು ನೋಡಬೇಡಿ. ಪ್ಯಾಕ್‌ಮ್ಯಾನ್ ರೂಪಿಸಿದ ತೋರು ಇವತಾನಿ, ಗಂಡಸರೇ ತುಂಬಿರುತ್ತಿದ್ದ ಪಾರ್ಲರುಗಳಿಗೆ ಹೆಂಗಸರೂ ಬರಲಿ ಎಂದೇ ಯುದ್ಧ ಬಿಟ್ಟು ತಿನ್ನುವ ಆಟ ಮಾಡಿದ್ದಾಗಿ ಹೇಳಿದ್ದಾರೆ. ಸಂಜೆ ಕಾಫಿ ಮುಗಿಸಿ ನೀವೂ ಒಂದು ಕೈ ನೋಡಿ!