ಕಡಿಮೆ ಎಣಿಸಿದವನೇ ಗೆದ್ದವನು: ಗಾಲ್ಫ್ ಆಟದ ಲೆಕ್ಕ

ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ಸಂಜೆಯ ಹೊತ್ತು ಪತ್ರಿಕೆಗಳ ಮೇಜಿನ ಸುತ್ತ ಸೇರುವ ಬಂಧುಗಳು ಕ್ರಿಕೆಟ್ಟಿನ ಸುದ್ದಿಯನ್ನು ಒಂದಕ್ಷರ ಬಿಡದೆ ಓದುತ್ತಾರೆ. ಅದೇ ಪುಟದ ಮೂಲೆಯಲ್ಲಿ ಅಚ್ಚಾಗುವ ಗಾಲ್ಫ್ ಸುದ್ದಿಯ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಅದು ಸಿರಿವಂತರ ಆಟ, ನಮಗೇಕೆ ಎಂಬ ಭಾವನೆ. ಆದರೆ ಕಳೆದ ತಿಂಗಳು ಇಬ್ಬರು ಓದುಗರು ಕೇಳಿದ ಎರಡು ಪ್ರಶ್ನೆಗಳು ನಮ್ಮನ್ನು ಆ ಮೂಲೆಯ ಕಡೆಗೆ ತಿರುಗಿಸಿದವು.

ಮೊದಲನೆಯದು ನಿವೃತ್ತ ಗುಮಾಸ್ತರೊಬ್ಬರದು. "ಇದೇನ್ರಿ ವಿಚಿತ್ರ, 68 ಮಾಡಿದವನು ಮೇಲೆ, 74 ಮಾಡಿದವನು ಕೆಳಗೆ! ಅಚ್ಚಿನ ತಪ್ಪೇನು?" ಎಂದರು. ಎರಡನೆಯದು ಯಾದಗಿರಿಯ ಕಡೆಯಿಂದ ಬಂದ ಹುಡುಗನದು. ಅವನು ನಗರದ ಒಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಕೋಲುಗಳ ಚೀಲ ಹೊರುವ ಕೆಲಸ, ಎಂದರೆ ಕ್ಯಾಡಿಯ ಕೆಲಸ ಮಾಡುತ್ತಾನೆ. "ಅಣ್ಣಾರ, ಸಾಹೇಬ್ರು ಆರು ಸಲ ಹೊಡದ್ರು. ಬರಿಯೋ ಹೊತ್ತಿಗೆ ನನ್ನ ಕಡಿ ನೋಡಿ, ಐದೇ ಅಲ್ಲೇನು ಅಂದ್ರು. ನಾ ಏನ್ ಅನ್ನಬೇಕಿತ್ತು?" ಎಂದು ಕೇಳಿದ.

ನಾವು ಈ ಆಟದ ಕೋಲನ್ನು ಕೈಯಲ್ಲಿ ಹಿಡಿದವರಲ್ಲ. ಗಿರಣಿಯ ಕಛೇರಿಯಲ್ಲಿ ಹಾಜರಿ ಪುಸ್ತಕ, ದಾಸ್ತಾನು ಪುಸ್ತಕಗಳನ್ನು ತಾಳೆ ನೋಡುವವರು. ಆದರೆ ಆಟದ ನಿಯಮಗಳನ್ನು ಹುಡುಕಿ ಓದಿದ ಮೇಲೆ ಇದರಲ್ಲಿ ಅರ್ಧ ನಮ್ಮ ಕಸುಬೇ ಎಂದು ತೋರಿತು. ಆದುದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಆಟದ ಕ್ರಮ

ನಮ್ಮ ಹೈದರಾಬಾದಿನಲ್ಲಿ ಗೋಲ್ಕೊಂಡೆ ಕೋಟೆಯ ನಯಾ ಕಿಲಾ ಬಳಿ ಹೈದರಾಬಾದ್ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವಿದೆ. ಗಚ್ಚಿಬೌಲಿಯ ಬಂಡೆಗಳ ನಡುವೆ ಬೌಲ್ಡರ್ ಹಿಲ್ಸ್ ಎಂಬ ಇನ್ನೊಂದಿದೆ. ಪೂರ್ಣ ಆಟಕ್ಕೆ ಹದಿನೆಂಟು ಕುಳಿಗಳು. ಪ್ರತಿ ಕುಳಿಯ ಅಗಲ 108 ಮಿಲಿಮೀಟರು, ಎಂದರೆ ನಮ್ಮ ಗೇಣಿನ ಸುಮಾರು ಅರ್ಧ. ಚೆಂಡಿನ ತೂಕ 46 ಗ್ರಾಮಿನ ಒಳಗೆ. ಆಟಗಾರನು ಒಯ್ಯಬಹುದಾದ ಕೋಲುಗಳು ಹೆಚ್ಚೆಂದರೆ 14. ದೂರದ ಗೊತ್ತಾದ ಸ್ಥಳದಿಂದ ಹೊಡೆಯುತ್ತ ಹೊಡೆಯುತ್ತ ಚೆಂಡನ್ನು ಕುಳಿಗೆ ಬೀಳಿಸಬೇಕು. ಎಷ್ಟು ಹೊಡೆತ ಬೇಕಾಯಿತೋ ಅಷ್ಟೇ ಅವನ ಅಂಕಿ. ಹಾಗಾಗಿ ಇದು ಗಳಿಕೆಯ ಪಟ್ಟಿಯಲ್ಲ, ಖರ್ಚಿನ ಪಟ್ಟಿ. ಕಡಿಮೆ ಖರ್ಚು ಮಾಡಿದವನೇ ಗೆದ್ದವನು. ಗುಮಾಸ್ತರ ಪ್ರಶ್ನೆಗೆ ಇದೇ ಉತ್ತರ. ಅಚ್ಚಿನ ತಪ್ಪು ಏನೂ ಇಲ್ಲ.

ನುರಿತ ಆಟಗಾರನಿಗೆ ಒಂದು ಕುಳಿಗೆ ಎಷ್ಟು ಹೊಡೆತ ಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಅದಕ್ಕೆ ಪಾರ್ ಎಂದು ಹೆಸರು. ಸಮೀಪದ ಕುಳಿಗೆ 3, ನಡುವಣದಕ್ಕೆ 4, ದೂರದ್ದಕ್ಕೆ 5. ಹದಿನೆಂಟೂ ಕೂಡಿದರೆ ಸಾಮಾನ್ಯವಾಗಿ 70ರಿಂದ 72. ಪಾರಿಗಿಂತ ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಒಂದು ಹೆಚ್ಚಾದರೆ ಬೋಗಿ. ಪತ್ರಿಕೆಯಲ್ಲಿ 'ನಾಲ್ಕು ಅಂಡರ್' ಎಂದು ಕಂಡರೆ ಪಾರಿಗಿಂತ ನಾಲ್ಕು ಹೊಡೆತ ಉಳಿತಾಯವಾಯಿತೆಂದು ತಿಳಿಯಬೇಕು.

ಹ್ಯಾಂಡಿಕ್ಯಾಪ್ ಎಂದರೇನು?

ಇದು ಹಣಕ್ಕಾಗಿ ಆಡುವವರ ಮಾತಾಯಿತು. ಭಾನುವಾರ ಬಂದು ಆಡಿ ಹೋಗುವ ಹವ್ಯಾಸಿಗೆ 72ರಲ್ಲಿ ಮುಗಿಸುವುದು ಕನಸು. ಅವನಿಗೆ 95, 100, 110 ಆಗುವುದುಂಟು. ಹಾಗಾದರೆ 85ರವನೂ 97ರವನೂ ಒಟ್ಟಿಗೆ ಆಡಿ ಸ್ಪರ್ಧಿಸುವುದು ಹೇಗೆ? ಇದಕ್ಕಾಗಿಯೇ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡು. ಎಳೆಯರೊಡನೆ ಓಡುವಾಗ ದೊಡ್ಡವರು ಹತ್ತು ಹೆಜ್ಜೆ ಹಿಂದೆ ನಿಲ್ಲುವುದಿಲ್ಲವೆ, ಅದೇ ನ್ಯಾಯ. ಒಬ್ಬನ ಹ್ಯಾಂಡಿಕ್ಯಾಪ್ 10 ಇದ್ದು ಅವನು 85 ಹೊಡೆದರೆ ಉಳಿದದ್ದು 75. ಇನ್ನೊಬ್ಬನದು 24 ಇದ್ದು ಅವನು 97 ಹೊಡೆದರೆ ಉಳಿದದ್ದು 73. ಅಂದಿನ ಗೆಲುವು ಎರಡನೆಯವನದು. ಬಲ್ಲವನನ್ನು ಕಲಿಯುವವನು ನ್ಯಾಯವಾಗಿ ಸೋಲಿಸಬಹುದಾದ ಆಟಗಳು ಲೋಕದಲ್ಲಿ ಹೆಚ್ಚಿಲ್ಲ.

ಈ ಅಂಕಿಯನ್ನು ತೆಗೆಯುವ ಕ್ರಮ ದೇಶದಿಂದ ದೇಶಕ್ಕೆ ಬೇರೆಯಿತ್ತು. 2020ರಲ್ಲಿ ಲೋಕಕ್ಕೆಲ್ಲ ಒಂದೇ ಪದ್ಧತಿ ಜಾರಿಗೆ ಬಂದಿತು. ಅದರ ಸಾರ ಹೀಗಿದೆ. ಪ್ರತಿ ಮೈದಾನಕ್ಕೂ ಎರಡು ಅಂಕಿಗಳಿರುತ್ತವೆ. ಅತ್ಯಂತ ನುರಿತ ಹವ್ಯಾಸಿಗೆ ಅಲ್ಲಿ ಎಷ್ಟಾಗಬಹುದೆಂಬ ಅಂದಾಜು ಒಂದು. ಸಾಮಾನ್ಯನಿಗೆ ಆ ಮೈದಾನ ಇನ್ನೆಷ್ಟು ಕಷ್ಟ ಎಂಬುದು ಇನ್ನೊಂದು. ಈ ಎರಡನೆಯದಕ್ಕೆ ಸ್ಲೋಪ್ ಎನ್ನುತ್ತಾರೆ. ಅದು 55ರಿಂದ 155ರವರೆಗೆ ಇರುತ್ತದೆ, ಮಾದರಿಯ ಅಂಕಿ 113. ಒಂದು ಮೈದಾನದ ಅಂದಾಜು 71, ಸ್ಲೋಪ್ 125 ಎಂದಿಟ್ಟುಕೊಳ್ಳೋಣ. ಅಲ್ಲಿ 96 ಹೊಡೆದವನಿಗೆ 96ರಲ್ಲಿ 71 ಕಳೆದರೆ 25. ಅದನ್ನು 113ರಿಂದ ಗುಣಿಸಿ 125ರಿಂದ ಭಾಗಿಸಿದರೆ 22.6. ಆ ದಿನದ ಅವನ ಅಂಕಿ ಇದು. ಹೀಗೆ ಕಡೆಯ 20 ಆಟಗಳ ಅಂಕಿಗಳನ್ನು ಬರೆದಿಟ್ಟು, ಅವುಗಳಲ್ಲಿ ಅತ್ಯುತ್ತಮವಾದ 8ನ್ನು ಆರಿಸಿ ಸರಾಸರಿ ತೆಗೆಯುತ್ತಾರೆ. ಹೊಸಬನಿಗೆ ಮೂರು ಪೂರ್ಣ ಆಟಗಳ ಚೀಟಿ ಸಾಕು. ಗರಿಷ್ಠ ಮಿತಿ 54.

ಇಲ್ಲಿ ಒಂದು ಸೂಕ್ಷ್ಮವಿದೆ. 20ರಲ್ಲಿ 8 ಒಳ್ಳೆಯ ದಿನಗಳನ್ನು ಮಾತ್ರ ಹಿಡಿಯುವುದರಿಂದ ಹ್ಯಾಂಡಿಕ್ಯಾಪ್ ಎಂಬುದು ನಾವು ದಿನವೂ ಆಡುವ ಆಟದ ಅಳತೆಯಲ್ಲ, ನಮ್ಮಿಂದ ಆಗಬಹುದಾದ ಆಟದ ಅಳತೆ. ಆದುದರಿಂದ ಹೆಚ್ಚಿನ ದಿನಗಳಲ್ಲಿ ಆಟಗಾರನು ತನ್ನ ಅಂಕಿಗಿಂತ ಹಿಂದೆಯೇ ಬೀಳುತ್ತಾನೆ. ಇದನ್ನು ತಿಳಿಯದ ಹವ್ಯಾಸಿಗಳು ತಮ್ಮ ಆಟ ಕೆಡುತ್ತಿದೆ ಎಂದು ವೃಥಾ ಕೊರಗುವುದುಂಟು.

ಒಂದೇ ಕುಳಿಯಲ್ಲಿ ಹನ್ನೊಂದು ಹೊಡೆತವಾಗಿ ಇಡೀ ದಿನ ಹಾಳಾಯಿತೆಂಬ ದುಃಖಕ್ಕೂ ಪರಿಹಾರವಿದೆ. ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಒಂದು ಕುಳಿಗೆ ಇಷ್ಟೇ ಎಂಬ ಮಿತಿ ಉಂಟು: ಪಾರ್, ಅದಕ್ಕೆ ಎರಡು, ಅದರ ಮೇಲೆ ಆ ಕುಳಿಯಲ್ಲಿ ತನಗೆ ಸಲ್ಲುವ ರಿಯಾಯಿತಿ. ಇಂಗ್ಲೆಂಡಿನ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ಅವರ ಪದ್ಧತಿಯಲ್ಲಿ ವಾಲಸಿ ಕ್ಲಬ್ಬಿನವರು 1932ರಲ್ಲಿ ಮೊದಲ ಪಂದ್ಯ ನಡೆಸಿದರು. ಅದರಲ್ಲಿ ಪಾರಿಗೆ 2, ಬೋಗಿಗೆ 1, ಬರ್ಡಿಗೆ 3 ಅಂಕ. ತೀರ ಕೆಟ್ಟರೆ ಸೊನ್ನೆ, ಅಷ್ಟೆ. ಅಲ್ಲಿ ಮಾತ್ರ ಹೆಚ್ಚು ಗಳಿಸಿದವನು ಗೆಲ್ಲುತ್ತಾನೆ.

ಒಂದು ಅಂಕಿಯ ಬೆಲೆ

ಕ್ರಿಕೆಟ್ಟಿನಲ್ಲಿ ಅಂಪೈರ್ ಇರುತ್ತಾನೆ. ಗಾಲ್ಫಿನಲ್ಲಿ ಹವ್ಯಾಸಿಗಳ ಹಿಂದೆ ಅಂಥವರು ಯಾರೂ ನಡೆಯುವುದಿಲ್ಲ. ಸ್ಪರ್ಧೆಯಲ್ಲಿ ಒಬ್ಬನ ಚೀಟಿಯನ್ನು ಜೊತೆಗಾರನು ಬರೆಯುತ್ತಾನೆ. ಆಟ ಮುಗಿದ ಮೇಲೆ ಆಟಗಾರನು ಒಂದೊಂದು ಕುಳಿಯ ಅಂಕಿಯನ್ನೂ ಪರೀಕ್ಷಿಸಿ ಒಪ್ಪಬೇಕು. ಒಪ್ಪಿಗೆಯಾದ ಚೀಟಿಯಲ್ಲಿ ನಿಜಕ್ಕಿಂತ ಕಡಿಮೆ ಬರೆದಿದ್ದರೆ ಸಾಮಾನ್ಯವಾಗಿ ಸ್ಪರ್ಧೆಯಿಂದಲೇ ಹೊರಗೆ. ಹೆಚ್ಚು ಬರೆದಿದ್ದರೆ ಹೆಚ್ಚಾದದ್ದೇ ಸ್ಥಿರ.

ಅರ್ಜೆಂಟೀನಾದ ರಾಬರ್ಟೊ ದೆ ವಿಸೆಂಜೊ ಇದನ್ನು ಅನುಭವಿಸಿದರು. 1968ರಲ್ಲಿ ಅಮೆರಿಕದ ಮಾಸ್ಟರ್ಸ್ ಪಂದ್ಯದ ಕಡೆಯ ದಿನ ಅವರು ಹೊಡೆದದ್ದು 65. ಜೊತೆಗಾರನು 17ನೆಯ ಕುಳಿಯಲ್ಲಿ 3ರ ಬದಲು 4 ಎಂದು ಬರೆದಿದ್ದನು. ದೆ ವಿಸೆಂಜೊ ನೋಡದೆ ಸಹಿ ಹಾಕಿದರು. 66 ಸ್ಥಿರವಾಯಿತು, ಮೊದಲ ಸ್ಥಾನಕ್ಕಾಗಿ ಮರುಪಂದ್ಯ ಆಡುವ ಅವಕಾಶ ತಪ್ಪಿ, ಬಾಬ್ ಗೋಲ್ಬಿ ಗೆದ್ದರು. ಲೆಕ್ಕದ ಕೆಳಗೆ ಓದದೆ ಸಹಿ ಹಾಕುವ ಅಭ್ಯಾಸ ಇರುವ ನಮ್ಮಂಥವರಿಗೆ ಇದು ನೆನಪಿರಬೇಕಾದ ಸಂಗತಿ.

ಇನ್ನೊಂದು ಅದಕ್ಕೂ ಹಿಂದಿನದು. ಅಮೆರಿಕದ ಬಾಬಿ ಜೋನ್ಸ್ ಎಂದೂ ಹಣಕ್ಕೆ ಆಡದೆ ಹವ್ಯಾಸಿಯಾಗಿಯೇ ಲೋಕ ಗೆದ್ದವರು. 1925ರ ಅಮೆರಿಕನ್ ಓಪನ್ನಿನಲ್ಲಿ ಉದ್ದ ಹುಲ್ಲಿನಲ್ಲಿದ್ದ ಅವರ ಚೆಂಡು ಹೊಡೆಯುವ ಮೊದಲೇ ಕದಲಿತು. ಬೇರೆ ಯಾರೂ ಕಂಡಿರಲಿಲ್ಲ. ಅವರೇ ಹೇಳಿ ಒಂದು ಹೊಡೆತದ ದಂಡ ಬರೆಸಿಕೊಂಡರು. ಕೊನೆಗೆ ಪಂದ್ಯ ಸಮವಾಗಿ, ಮರುಪಂದ್ಯದಲ್ಲಿ ಒಂದೇ ಹೊಡೆತದಿಂದ ವಿಲ್ಲಿ ಮೆಕ್‌ಫಾರ್ಲೇನ್ ಅವರಿಗೆ ಸೋತರು. ಆ ದಂಡ ಬರೆಸದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ.

ಒಂದು ಹೊಡೆತ ಎಷ್ಟು ದೊಡ್ಡದೆಂಬುದನ್ನು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೂಡ ಬಲ್ಲರು. ಟೋಕಿಯೋ ಒಲಿಂಪಿಕ್ಸ್ ನಡೆದ 2021ರಲ್ಲಿ ಅವರು ನಾಲ್ಕು ದಿನ ಆಡಿ ಒಟ್ಟು 269 ಹೊಡೆತಗಳಲ್ಲಿ ಮುಗಿಸಿದರು. ನಾಲ್ಕನೆಯ ಸ್ಥಾನ ಬಂತು. ಕಂಚಿನ ಪದಕಕ್ಕೆ ಕಡಿಮೆಯಾದದ್ದು ಒಂದೇ ಹೊಡೆತ.

ಆಟ ಸುಧಾರಿಸುವುದು ಹೇಗೆ?

ಹವ್ಯಾಸಿಗಳ ಅನುಭವದಲ್ಲಿ ಸಾಮಾನ್ಯವಾಗಿ ಕಾಣುವುದೇನೆಂದರೆ, ಅಂಕಿ ಇಳಿಯದಿದ್ದರೆ ಹೊಸ ಕೋಲು ಕೊಳ್ಳುವುದು. ಕೋಲಿಗಿಂತ ಮೊದಲು ಬೇಕಾದದ್ದು ಒಂದು ನೋಟುಪುಸ್ತಕ. ಪ್ರತಿ ಕುಳಿಗೆ ಮೂರು ಕಲಮು: ಕುಳಿಯ ಹತ್ತಿರದ ನುಣುಪು ಹುಲ್ಲಿಗೆ ಎಷ್ಟು ಹೊಡೆತದಲ್ಲಿ ಬಂದೆ, ಅಲ್ಲಿಂದ ಉರುಳಿಸಲು ಎಷ್ಟಾಯಿತು, ದಂಡ ಎಷ್ಟು. 97 ಹೊಡೆದವನ ಲೆಕ್ಕ ನೋಡೋಣ. ಮೂರು ಚೆಂಡು ಎಲ್ಲೆ ದಾಟಿ ಹೋದವು. ಎಲ್ಲೆ ದಾಟಿದರೆ ಒಂದು ದಂಡ, ಮತ್ತೆ ಮೊದಲಿನ ಜಾಗದಿಂದಲೇ ಹೊಡೆಯಬೇಕು. ವ್ಯರ್ಥವಾದ ಹೊಡೆತವೂ ಸೇರಿ ಸಲಕ್ಕೆ ಎರಡು, ಒಟ್ಟು ಆರು. ಐದು ಕುಳಿಗಳಲ್ಲಿ ಎರಡು ಬಾರಿ ಉರುಳಿಸಿದರೆ ಸಾಕಾಗುವಲ್ಲಿ ಮೂರು ಬಾರಿಯಾಯಿತು, ಇಲ್ಲಿ ಐದು. ಎರಡೂ ಸೇರಿ ಹನ್ನೊಂದು. ಹೊಸ ವಿದ್ಯೆ ಏನೂ ಕಲಿಯದೆ, ಬರೀ ಸೋರುವುದನ್ನು ನಿಲ್ಲಿಸಿದರೆ ಅವನು 86ರವನು.

ಹತ್ತಿರದ ಆಟವೇ ಮುಖ್ಯ, ದೂರ ಹೊಡೆಯುವುದು ಬರೀ ಜಂಬ ಎಂಬ ಮಾತು ಹಳೆಯದು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಎಂಬ ಪ್ರಾಧ್ಯಾಪಕರು ಅಪಾರ ಹೊಡೆತಗಳ ಲೆಕ್ಕ ಹಾಕಿ 2014ರಲ್ಲಿ ಪುಸ್ತಕ ಬರೆದರು. ಒಳ್ಳೆಯ ಆಟಗಾರನಿಗೂ ಸಾಧಾರಣನಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೂರು ಗಜಕ್ಕಿಂತ ದೂರದ ಹೊಡೆತಗಳಿಂದಲೇ ಬರುತ್ತದೆ ಎಂದು ತೋರಿಸಿದರು. ಗಾದೆಯಂಥ ಮಾತು ಕೂಡ ಲೆಕ್ಕದ ಮುಂದೆ ತಲೆ ಬಾಗಬೇಕಾಯಿತು. ಆದರೆ ಲೋಕದ ಸರಾಸರಿ ಲೋಕದ್ದು. ನಮ್ಮ ಸೋರಿಕೆ ಎಲ್ಲಿದೆ ಎಂಬುದನ್ನು ನಮ್ಮ ನೋಟುಪುಸ್ತಕವೇ ಹೇಳಬೇಕು. ಅದರಲ್ಲಿ ಸುಳ್ಳು ಬರೆದವನು ಮದ್ದು ಕೊಡುವ ವೈದ್ಯನಿಗೆ ಹೊಟ್ಟೆ ನೋವನ್ನು ಹಲ್ಲು ನೋವೆಂದು ಹೇಳಿದಂತೆ.

ಸುಳ್ಳಿನಲ್ಲೂ ಎರಡು ಬಗೆ. ಆರನ್ನು ಐದೆಂದು ಬರೆಯುವುದು ಜಂಬದ ಸುಳ್ಳು. ಅವನ ಹ್ಯಾಂಡಿಕ್ಯಾಪ್ ಇಳಿದು, ಮುಂದಿನ ಸ್ಪರ್ಧೆಯಲ್ಲಿ ರಿಯಾಯಿತಿ ಸಾಲದೆ ಸೋಲುತ್ತಾನೆ. ಐದನ್ನು ಆರೆಂದು ಬರೆಯುವುದು ಲೋಭದ ಸುಳ್ಳು. ರಿಯಾಯಿತಿ ಹೆಚ್ಚಿಸಿಕೊಂಡು ಬಹುಮಾನ ಹೊಡೆಯುವ ಹಂಚಿಕೆ. ಮೊದಲನೆಯದು ತನಗೆ ಮೋಸ, ಎರಡನೆಯದು ನೆರೆಯವನಿಗೆ ಮೋಸ.

ಹುಡುಗನ ಪ್ರಶ್ನೆ

ಈಗ ಯಾದಗಿರಿಯ ಹುಡುಗನ ಮಾತಿಗೆ ಬರೋಣ. ಅಂದು ಅವನು ಕೊಟ್ಟ ಉತ್ತರ, "ಆರು, ಸಾಬ್." ಸಾಹೇಬರು ಆರೆಂದೇ ಬರೆದರು, ಕೂಲಿ ಕೊಟ್ಟರು, ಮೇಲೆ ಕೊಡುತ್ತಿದ್ದ ಭಕ್ಷೀಸು ಕೊಡಲಿಲ್ಲ. ಮುಂದಿನ ಭಾನುವಾರ ಬೇರೆ ಹುಡುಗನನ್ನು ಕರೆದರು. ಆ ದಿನದ ಭಕ್ಷೀಸು ಅವನ ಊಟದ ಡಬ್ಬಿಯ ಹಣ. ಸತ್ಯ ಹೇಳಿದವನಿಗೆ ಒಳ್ಳೆಯದೇ ಆಗುತ್ತದೆ ಎಂದು ಬರೆದು ಮುಗಿಸುವುದು ಸುಲಭ. ಹಾಗೆ ಬರೆಯುವಷ್ಟು ಧೈರ್ಯ ನಮಗಿಲ್ಲ.

ವಾಚನಾಲಯದಲ್ಲಿ ಈ ಬಗ್ಗೆ ಬಿಸಿಬಿಸಿ ಚರ್ಚೆಯಾಯಿತು. ಹೊಟ್ಟೆಪಾಡಿನ ಹುಡುಗ ಸುಮ್ಮನಿರಬೇಕಿತ್ತು ಎಂದರು ಕೆಲವರು. ಕೊನೆಗೆ ಆ ನಿವೃತ್ತ ಗುಮಾಸ್ತರೇ ಹೇಳಿದರು: "ಕೇಳದಿದ್ದರೆ ಬಾಯಿ ಬಿಡಬೇಡ. ಕೇಳಿದರೆ ಕಂಡದ್ದನ್ನು ಹೇಳು. ಐದೆಂದರೆ ನಾಳೆ ಅವರೇ ನಿನ್ನನ್ನು ನಂಬುವುದಿಲ್ಲ." ನಮಗೂ ಇದೇ ಸರಿಯೆಂದು ತೋರಿತು.

ಚೀಲ ಹೊತ್ತವರು ಅಲ್ಲಿಯೇ ಉಳಿಯಬೇಕೆಂದೇನೂ ಇಲ್ಲ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ ಅವರು 2009ರಲ್ಲಿ ಗುರುಗ್ರಾಮದಲ್ಲಿ ನಡೆದ ಇಂಡಿಯನ್ ಓಪನ್ನಿನಲ್ಲಿ, ಮರುಪಂದ್ಯದಲ್ಲಿ ಕೊರಿಯಾದ ಲೀ ಸಂಗ್ ಅವರನ್ನು ಸೋಲಿಸಿ ಗೆದ್ದರು. ಎಲ್ಲ ಕ್ಯಾಡಿಗಳಿಗೂ ಇದು ಲಭಿಸುವುದಿಲ್ಲ, ನಿಜ. ಆದರೆ ಸಾವಿರಾರು ಹೊಡೆತಗಳನ್ನು ಹತ್ತಿರದಿಂದ ಕಂಡು, ತಪ್ಪದೆ ಎಣಿಸಿದ ಕಣ್ಣು ಒಂದು ಬಂಡವಾಳವೇ ಸರಿ.

ಹುಡುಗ ಈಗ ಬೇರೊಬ್ಬ ಆಟಗಾರರ ಚೀಲ ಹೊರುತ್ತಿದ್ದಾನೆ. ಕಳೆದ ವಾರ ನಮ್ಮಿಂದ ಒಂದು ಹಳೆಯ ನೋಟುಪುಸ್ತಕ ಕೇಳಿ ಪಡೆದು, ಮೂರು ಕಲಮಿನ ಗೆರೆಗಳನ್ನು ಇಲ್ಲಿಯ ಮೇಜಿನ ಮೇಲೆಯೇ ಎಳೆದುಕೊಂಡು ಹೋದನು. ಇನ್ನು ಮೇಲೆ ಪತ್ರಿಕೆಯ ಆ ಮೂಲೆಯನ್ನೂ ಬಂಧುಗಳು ಒಮ್ಮೆ ಓದಿ ನೋಡಬೇಕೆಂದು ಕೋರುತ್ತೇವೆ.