ಸ್ತನಕ್ಕೂ ಕ್ಷಯ ತಗಲುತ್ತದೆ

ಕ್ಷಯ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕೆಮ್ಮು, ಕಫ ಮತ್ತು ಎದೆಯ ಎಕ್ಸ್‌ರೇ. ಆದರೆ ಈ ರೋಗಾಣು ಕೂದಲು, ಉಗುರು ಬಿಟ್ಟು ದೇಹದ ಯಾವ ಭಾಗಕ್ಕಾದರೂ ತಗಲಬಹುದು. ಹೆಣ್ಣುಮಕ್ಕಳ ಸ್ತನಕ್ಕೂ ತಗಲುತ್ತದೆ. ಇದು ಅಪರೂಪವಾದರೂ ಹೊಸ ಕಾಯಿಲೆಯಲ್ಲ. ರಾಬರ್ಟ್ ಕೋಕ್ ಅವರು 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿಯುವ ಮೊದಲೇ, 1829ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಇದನ್ನು ವಿವರಿಸಿದ್ದರು.

ಹೆಚ್ಚಾಗಿ 20ರಿಂದ 40 ವರ್ಷದೊಳಗಿನವರಲ್ಲಿ, ಅದರಲ್ಲೂ ಹಾಲುಣಿಸುವ ತಾಯಂದಿರಲ್ಲಿ ಇದು ಕಾಣುತ್ತದೆ. ಒಂದೇ ಸ್ತನದಲ್ಲಿ ಗಂಟು ಕಟ್ಟುತ್ತದೆ. ನೋವು ಇರಬಹುದು, ಇಲ್ಲದಿರಬಹುದು. ಕಂಕುಳಲ್ಲಿ ಗಡ್ಡೆಗಳು ಕೈಗೆ ಸಿಗುತ್ತವೆ. ಕ್ರಮೇಣ ಗಂಟು ಮೆತ್ತಗಾಗಿ ಒಡೆದು, ಸಣ್ಣ ರಂಧ್ರದಿಂದ ತೆಳು ಕೀವು ಸೋರುತ್ತದೆ. ಸಂಜೆ ಸಣ್ಣ ಜ್ವರ, ತೂಕ ಇಳಿಯುವುದು ಕೆಲವರಿಗೆ ಮಾತ್ರ. ಆದ್ದರಿಂದ "ನನಗೆ ಕೆಮ್ಮೇ ಇಲ್ಲ, ಟಿ.ಬಿ. ಹೇಗೆ ಬಂತು?" ಎಂದು ಕೇಳುವವರೇ ಹೆಚ್ಚು.

ಬಾಣಂತಿಗೆ ಹಾಲು ಕಟ್ಟಿ ಬಾವು ಬರುವುದು ಸಾಮಾನ್ಯ. ಕೀವು ತೆಗೆದು ಔಷಧಿ ಕೊಟ್ಟರೆ ಅದು ಕೆಲವು ವಾರಗಳಲ್ಲಿ ಮಾಯುತ್ತದೆ. ಹಾಗೆ ಮಾಯದೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಾವು ಬಂದರೆ, ಕೊಯ್ದ ಗಾಯ ಕೂಡಿಕೊಳ್ಳದಿದ್ದರೆ, ಕ್ಷಯದ ಪರೀಕ್ಷೆ ಆಗಲೇಬೇಕು. ಮೂರು ನಾಲ್ಕು ಸಲ ಕೊಯ್ಯಿಸಿಕೊಂಡು, ನಡುವೆ ಬರೆ ಹಾಕಿಸಿಕೊಂಡು, ಲೇಪ ಹಚ್ಚಿಕೊಂಡು ತಿಂಗಳುಗಟ್ಟಲೆ ಕಳೆಯುವುದು ನಮ್ಮ ಇಟಗಿ, ಕುಕನೂರು, ಯಲಬುರ್ಗಾ ಕಡೆಯ ತಾಯಂದಿರಿಗೆ ಬೇಡ. ನಾಚಿಕೆಯಿಂದ ಸೆರಗಿನ ಮರೆಯಲ್ಲಿ ಗಂಟು ಮುಚ್ಚಿಟ್ಟುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. ಏಕೆಂದರೆ ಅದು ಕ್ಯಾನ್ಸರ್ ಕೂಡ ಆಗಿರಬಹುದು. ಕೈಯಿಂದ ಮುಟ್ಟಿ, ಸ್ಕ್ಯಾನಿಂಗ್ ಮಾಡಿ ಇವೆರಡನ್ನು ಬೇರ್ಪಡಿಸಲು ಅನುಭವಿ ವೈದ್ಯರಿಗೂ ಕಷ್ಟ.

ಹಾಗಾದರೆ ತಿಳಿಯುವುದು ಹೇಗೆ? ಸೂಜಿಯಿಂದ ಗಂಟಿನ ಅಂಶ ಅಥವಾ ಸಣ್ಣ ತುಣುಕು ತೆಗೆದು ಪರೀಕ್ಷಿಸಬೇಕು. ಸೂಜಿ ಚುಚ್ಚಿದರೆ ಗಂಟು ಕ್ಯಾನ್ಸರ್ ಆಗುತ್ತದೆ ಎಂಬ ಮಾತು ಸುಳ್ಳು. ಸ್ತನದಲ್ಲಿ ಕ್ಷಯದ ರೋಗಾಣುಗಳು ಕಡಿಮೆ ಇರುವುದರಿಂದ ಸೂಕ್ಷ್ಮದರ್ಶಕದಲ್ಲಿ ಅನೇಕ ಸಲ ಕಾಣುವುದಿಲ್ಲ. ಒಂದು ವರದಿ "ಇಲ್ಲ" ಎಂದ ಮಾತ್ರಕ್ಕೆ ಕ್ಷಯವಿಲ್ಲ ಎಂದಲ್ಲ. ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಯೂ ಆಗಬೇಕು. ತೆಗೆದ ತುಣುಕನ್ನೆಲ್ಲ ಫಾರ್ಮಲಿನ್‌ನಲ್ಲಿ ಹಾಕಿದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ ಸಾಧ್ಯವಾಗದು. "ಟಿ.ಬಿ. ಪರೀಕ್ಷೆಗೂ ಒಂದು ಭಾಗ ಕಳಿಸುತ್ತೀರಾ?" ಎಂದು ನೀವೇ ಕೇಳಿರಿ. ಕೇಳಿದರೆ ಯಾವ ವೈದ್ಯರೂ ಬೇಸರಪಡಬಾರದು. ಜೊತೆಗೆ ಎದೆಯ ಎಕ್ಸ್‌ರೇ, ಸಕ್ಕರೆ ಮತ್ತು ಎಚ್.ಐ.ವಿ. ಪರೀಕ್ಷೆ ಇರುತ್ತವೆ.

ಕ್ಷಯವೆಂದು ಖಚಿತವಾದರೆ ಸ್ತನ ತೆಗೆಯಬೇಕಾಗಿಲ್ಲ. ಮಾತ್ರೆಗಳೇ ಮುಖ್ಯ ಚಿಕಿತ್ಸೆ. ಮೊದಲ 2 ತಿಂಗಳು ನಾಲ್ಕು ಔಷಧಿ, ಮುಂದಿನ 4 ತಿಂಗಳು ಮೂರು ಔಷಧಿ, ತೂಕಕ್ಕೆ ತಕ್ಕಂತೆ ಪ್ರತಿದಿನ. ಕೆಲವರಿಗೆ ವೈದ್ಯರು ಅವಧಿ ಹೆಚ್ಚಿಸುತ್ತಾರೆ. ಸರಕಾರದ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಇದು ಉಚಿತ. ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ರೂಪಾಯಿ ಆಗಿದೆ. ಬ್ಯಾಂಕ್ ಪಾಸ್‌ಬುಕ್ ತನ್ನಿರಿ.

ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಸುಕಾದರೆ ಅದೇ ದಿನ ಬನ್ನಿರಿ. ಗರ್ಭನಿರೋಧಕ ಗುಳಿಗೆ ಈ ಔಷಧಿಯ ಜೊತೆ ಸರಿಯಾಗಿ ಕೆಲಸ ಮಾಡದು, ಬೇರೆ ವಿಧಾನ ಕೇಳಿಕೊಳ್ಳಿರಿ. ಎರಡು ತಿಂಗಳಿಗೆ ಕೀವು ನಿಂತು ಗಾಯ ಒಣಗುತ್ತದೆ, ಆಗಲೇ ಹೆಚ್ಚಿನವರು ಮಾತ್ರೆ ಬಿಡುವುದು. ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದಂತೆಯೂ ಆಗಬಹುದು. ತವರಿಗೆ ಹೋಗಲಿ, ಗವಿಮಠದ ಜಾತ್ರೆಗೆ ಹೋಗಲಿ, ಮಾತ್ರೆ ಚೀಲದಲ್ಲಿರಲಿ.

ಮಗುವಿಗೆ ಹಾಲು ಬಿಡಿಸಬೇಕಾಗಿಲ್ಲ. ಮಾತ್ರೆಯ ಅಂಶ ಹಾಲಿನಲ್ಲಿ ಬಹಳ ಕಡಿಮೆ. ಕೀವು ಸೋರುವ ಸ್ತನದಿಂದ ಮಾತ್ರ ವೈದ್ಯರು ಹೇಳುವವರೆಗೆ ಕುಡಿಸಬಾರದು, ಇನ್ನೊಂದರಿಂದ ಕುಡಿಸಬಹುದು. ಶ್ವಾಸಕೋಶದಲ್ಲಿ ಕ್ಷಯವಿಲ್ಲದಿದ್ದರೆ ಇದು ಕೆಮ್ಮಿನಿಂದ ಹರಡುವುದಿಲ್ಲ. ತಟ್ಟೆ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲವೆಂದು ಅತ್ತೆಯವರಿಗೂ ಯಜಮಾನರಿಗೂ ತಿಳಿಸಿರಿ. ಬೇಕಾದರೆ ಅವರನ್ನೂ ಕರೆದುಕೊಂಡು ಬನ್ನಿರಿ, ನಾವು ಕೂಡಿಸಿ ಹೇಳುತ್ತೇವೆ. ಊರಿನ ಆಶಾ ಕಾರ್ಯಕರ್ತೆಯರನ್ನು ಕೇಳಬಹುದು. ಉಚಿತ ಸಹಾಯವಾಣಿ 1800-11-6666.